ಕಾಲ್ಬೆರಳು ಜಜ್ಜಿದಾಗ: ಮನೆಯಲ್ಲಿ ಏನು ಮಾಡಬೇಕು, ಆಸ್ಪತ್ರೆಗೆ ಯಾವಾಗ ಹೋಗಬೇಕು

ಖಾನಾಪುರದ ಭಟ್ಟಿಯಲ್ಲಿ ಇಟ್ಟಿಗೆ ಹೊರುವಾಗ ಒಂದು ಜಾರಿ ಪಾದದ ಮೇಲೆ ಬೀಳುತ್ತದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕದ ತುಂಡು ಕೈತಪ್ಪುತ್ತದೆ. ಮನೆಯಲ್ಲಾದರೆ ಹೊಸ್ತಿಲು, ಮಂಚದ ಕಾಲು, ಗ್ಯಾಸ್ ಸಿಲಿಂಡರ್. ಪೆಟ್ಟು ಬೀಳುವುದು ಕಾಲ್ಬೆರಳಿಗೆ. ಜೀವ ಹೋಗುವಂಥ ನೋವು, ಆದರೂ ‘ಬೆರಳೇ ತಾನೆ’ ಎಂದು ಕುಂಟುತ್ತಲೇ ಕೆಲಸಕ್ಕೆ ಹೋಗುವವರು ನಮ್ಮಲ್ಲಿ ಬಹಳ. ಇಂಥ ಹೆಚ್ಚಿನ ಪೆಟ್ಟುಗಳು ಮನೆಯಲ್ಲೇ ವಾಸಿಯಾಗುತ್ತವೆ, ನಿಜ. ಕೆಲವು ಆಗುವುದಿಲ್ಲ. ಅವು ಯಾವುವೆಂದು ಮೊದಲ ಗಂಟೆಯಲ್ಲೇ ಗುರುತಿಸಬಹುದು. ಅದಕ್ಕೆ ಡಾಕ್ಟರಾಗಿರಬೇಕಿಲ್ಲ, ಬೆರಳನ್ನು ಸರಿಯಾಗಿ ನೋಡಿದರೆ ಸಾಕು.

ಮೊದಲು ಒಳಗೇನಿದೆ ತಿಳಿಯೋಣ. ಹೆಬ್ಬೆರಳಿನಲ್ಲಿ ಎರಡು ಮೂಳೆ, ಉಳಿದ ನಾಲ್ಕರಲ್ಲಿ ತಲಾ ಮೂರು. ಒಂದು ಪಾದದ ಬೆರಳುಗಳಲ್ಲಿ ಒಟ್ಟು 14. ಬೆರಳಿನ ತುದಿಯಲ್ಲಿ ಮಾಂಸ ಕಡಿಮೆ. ಉಗುರಿನ ಕೆಳಗಿನ ಮೆತ್ತನೆಯ ಪದರ ಮೂಳೆಗೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಉಗುರು ಜಜ್ಜಿದರೆ ಮೂಳೆಗೂ ಪೆಟ್ಟಾಗಿರಬಹುದು. ನಡೆಯುವಾಗ ನೆಲವನ್ನು ಒದ್ದು ಮುಂದೆ ಹೋಗುವುದರಲ್ಲಿ ಹೆಬ್ಬೆರಳಿನ ಪಾಲು ದೊಡ್ಡದು. ಅದಕ್ಕೇ ಅದರ ಗಾಯವನ್ನು ಉಳಿದವುಗಳಿಗಿಂತ ಹೆಚ್ಚು ಜಾಗ್ರತೆಯಿಂದ ನೋಡಬೇಕು.

ಪೆಟ್ಟು ಬಿದ್ದ ಕೂಡಲೇ ಕುಳಿತುಕೊಳ್ಳಿ. ಚಪ್ಪಲಿ, ಬೂಟು ತೆಗೆಯಿರಿ. ಹೆಣ್ಣುಮಕ್ಕಳಿಗೆ ಮುಖ್ಯವಾದ ಮಾತು: ಕಾಲುಂಗುರವನ್ನು ತಕ್ಷಣ ತೆಗೆಯಿರಿ. ಅರ್ಧ ಗಂಟೆಯಲ್ಲಿ ಬೆರಳು ಬಾತರೆ ಉಂಗುರ ಬಿಗಿದು ರಕ್ತ ಓಡಾಡುವುದನ್ನೇ ತಡೆಯುತ್ತದೆ. ಸೋಪಿನ ನೀರು ಅಥವಾ ಎಣ್ಣೆ ಹಚ್ಚಿ ಮೆಲ್ಲಗೆ ತಿರುಗಿಸುತ್ತ ಎಳೆದರೆ ಬರುತ್ತದೆ. ಬರದಿದ್ದರೆ ಬಲವಂತ ಬೇಡ, ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯುತ್ತಾರೆ. ಮುತ್ತೈದೆಯ ಕಾಲುಂಗುರ ತೆಗೆಯಲು ಮನಸ್ಸು ಒಪ್ಪದಿರುವುದು ಸಹಜ. ಬಾವು ಇಳಿದ ಮೇಲೆ ಮತ್ತೆ ಹಾಕಿಕೊಳ್ಳಬಹುದು.

ಚರ್ಮ ಹರಿದಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಆಮೇಲೆ ಒಗೆದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮಧ್ಯೆ ಮಧ್ಯೆ ತೆಗೆದು ನೋಡಿದರೆ ರಕ್ತ ನಿಲ್ಲುವುದು ತಡವಾಗುತ್ತದೆ. ಅರಿಶಿನ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ಅಡುಗೆಮನೆಯ ಡಬ್ಬಿಯ ಅರಿಶಿನ ರೋಗಾಣುಮುಕ್ತವಲ್ಲ, ಗಾಯವನ್ನೂ ಮುಚ್ಚಿಬಿಡುತ್ತದೆ. ಒಳಗೇನಾಗಿದೆ ಎಂದು ನೋಡಲು ಡಾಕ್ಟರು ಮೊದಲು ಅದನ್ನೆಲ್ಲ ತೊಳೆಯಬೇಕು, ಆ ನೋವೂ ನಿಮಗೇ. ಸುಣ್ಣ, ಕಾಫಿಪುಡಿ, ತಂಬಾಕು, ಸೀಮೆಎಣ್ಣೆ ಯಾವುದೂ ಬೇಡ. ಸಗಣಿಯಂತೂ ಕೂಡದೇ ಕೂಡದು, ಧನುರ್ವಾಯುವಿನ ಬೀಜಾಣುಗಳು ಅದರಲ್ಲಿ ಇರಬಹುದು.

ಬಾವು ಇಳಿಸಲು ಐಸನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ನೇರವಾಗಿ ಚರ್ಮಕ್ಕೆ ತಾಗಿಸಬೇಡಿ. ಎರಡು ಮೂರು ಗಂಟೆಗೊಮ್ಮೆ, ಮೊದಲ ಎರಡು ದಿನ ಹೀಗೆ ಮಾಡಿ. ಮಲಗಿದಾಗ ಕಾಲ ಕೆಳಗೆ ಎರಡು ದಿಂಬು ಇಟ್ಟು ಪಾದ ಎದೆಗಿಂತ ಎತ್ತರದಲ್ಲಿರುವಂತೆ ನೋಡಿಕೊಳ್ಳಿ. ಮಿಡಿಯುವ ನೋವಿಗೆ ಇದರಷ್ಟು ಸುಲಭದ ಪರಿಹಾರ ಬೇರೆ ಇಲ್ಲ. ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿನೀರಿನ ಶಾಖ ಮೊದಲ ಎರಡು ದಿನ ಬೇಡ, ಎರಡರಿಂದಲೂ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ದೊಡ್ಡವರು 500 ಅಥವಾ 650 ಮಿಲಿಗ್ರಾಂ ಮಾತ್ರೆಯನ್ನು ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು. ಲಿವರ್ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು. ಅಂಗಡಿಯವರು ಕೊಡುವ ಜೋರು ನೋವಿನ ಮಾತ್ರೆಗಳು ಕಿಡ್ನಿ ಮತ್ತು ಹೊಟ್ಟೆಹುಣ್ಣಿನ ತೊಂದರೆ ಇದ್ದವರಿಗೆ ಆಗಿಬರುವುದಿಲ್ಲ.

ಈಗ ಬೆರಳನ್ನು ಬೆಳಕಿನಲ್ಲಿ ನೋಡಿ. ಇನ್ನೊಂದು ಕಾಲಿನ ಅದೇ ಬೆರಳನ್ನು ಪಕ್ಕದಲ್ಲಿಟ್ಟು ಹೋಲಿಸಿ. ನೆಟ್ಟಗಿದೆಯೇ, ಸೊಟ್ಟಗಾಗಿದೆಯೇ? ಗಾಯ ಆಳವಾಗಿ ಬಿರಿದಿದೆಯೇ, ಮೂಳೆ ಕಾಣುತ್ತಿದೆಯೇ? ಹತ್ತಿಯಿಂದ ಸವರಿದರೆ ತಿಳಿಯುತ್ತದೆಯೇ? ತುದಿಯನ್ನು ಒತ್ತಿ ಬಿಟ್ಟರೆ ಬಿಳಿಯಾದದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗುತ್ತದೆಯೇ? ಇವುಗಳಲ್ಲಿ ಒಂದು ಸರಿಯಿಲ್ಲದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಸೊಟ್ಟಗಾದ ಬೆರಳನ್ನು ಮನೆಯಲ್ಲಿ ಎಳೆದು ಸರಿಮಾಡುವ ಸಾಹಸ ಬೇಡ. ಮಕ್ಕಳು ಎಡವಿ ಹೆಬ್ಬೆರಳಿನ ಉಗುರಿನ ಬುಡದಲ್ಲಿ ರಕ್ತ ಬಂದಿದ್ದರೆ ಸಣ್ಣದೆಂದು ಬಿಡಬೇಡಿ. ಮೂಳೆ ಬೆಳೆಯುವ ಜಾಗ ಅಲ್ಲೇ ಇರುತ್ತದೆ. ಅಲ್ಲಿ ಮುರಿದಿದ್ದರೆ ಗಾಯದ ದಾರಿಯಲ್ಲಿ ಸೋಂಕು ಮೂಳೆಗೆ ಇಳಿಯಬಹುದು.

ಉಗುರು ಕಪ್ಪಾಗುವುದೇ ಜನರನ್ನು ಹೆಚ್ಚು ಹೆದರಿಸುತ್ತದೆ. ಉಗುರಿನ ಕೆಳಗೆ ರಕ್ತ ಒಸರಿ ಹೊರಬರಲು ದಾರಿಯಿಲ್ಲದೆ ಅಲ್ಲೇ ಹೆಪ್ಪುಗಟ್ಟುತ್ತದೆ. ಇದಕ್ಕೆ ಸಬ್‌ಅಂಗ್ವಲ್ ಹೆಮಟೋಮಾ, ಅಂದರೆ ಉಗುರಡಿಯ ರಕ್ತಗಟ್ಟು ಎನ್ನುತ್ತಾರೆ. ಜಾಗ ಇಕ್ಕಟ್ಟಾದ್ದರಿಂದ ಎದೆಬಡಿತಕ್ಕೆ ಸರಿಯಾಗಿ ಬೆರಳೂ ಸಿಡಿಯುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಕಪ್ಪು ಸಣ್ಣದಾಗಿದ್ದು ನೋವು ತಡೆಯುವಂತಿದ್ದರೆ ಏನೂ ಮಾಡಬೇಕಿಲ್ಲ. ಉಗುರು ಬೆಳೆದಂತೆ ಕಲೆ ಮುಂದೆ ಸರಿಯುತ್ತದೆ. ನೋವು ತಡೆಯಲಾಗದಿದ್ದರೆ ಡಾಕ್ಟರು ಉಗುರಿನಲ್ಲಿ ಸಣ್ಣ ತೂತು ಮಾಡಿ ರಕ್ತ ಬಿಡುತ್ತಾರೆ. ಕೆಲವೇ ನಿಮಿಷದ ಕೆಲಸ, ಆರಾಮವೂ ಕೂಡಲೇ. ಆದರೆ ಒಂದೆರಡು ದಿನದೊಳಗೆ ಹೋಗಬೇಕು, ತಡವಾದರೆ ರಕ್ತ ಗಟ್ಟಿಯಾಗಿ ತೂತು ಮಾಡಿದರೂ ಇಳಿಯುವುದಿಲ್ಲ. ಸೂಜಿ ಕಾಯಿಸಿ ಮನೆಯಲ್ಲೇ ಚುಚ್ಚುವ ರೂಢಿ ಹಲವು ಕಡೆ ಇದೆ. ದಯವಿಟ್ಟು ಬೇಡ. ಕೆಳಗೆ ಮೂಳೆ ಬಿರುಕು ಬಿಟ್ಟಿದ್ದರೆ ನೀವೇ ಸೋಂಕಿಗೆ ಬಾಗಿಲು ತೆರೆದಂತಾಗುತ್ತದೆ. ಕೆಲವು ವಾರದಲ್ಲಿ ಉಗುರು ಬಿದ್ದರೂ ಗಾಬರಿ ಬೇಡ, ಕಿತ್ತು ತೆಗೆಯಲೂ ಬೇಡ. ಹೆಬ್ಬೆರಳಿಗೆ ಹೊಸ ಉಗುರು ಪೂರ್ತಿ ಬರಲು ಒಂದು ವರ್ಷದಿಂದ ಒಂದೂವರೆ ವರ್ಷ ಬೇಕು.

‘ಬೆರಳು ಅಲ್ಲಾಡುತ್ತದೆ, ಹಾಗಾದರೆ ಮುರಿದಿಲ್ಲ’ ಎನ್ನುವುದು ತಪ್ಪು ತಿಳಿವಳಿಕೆ. ಮುರಿದ ಬೆರಳೂ ಅಲ್ಲಾಡುತ್ತದೆ. ಮೂಳೆಯ ಒಂದೇ ಜಾಗದಲ್ಲಿ ಒತ್ತಿದಾಗ ತಾಳಲಾಗದ ನೋವು, ಮರುದಿನಕ್ಕೆ ನೀಲಿಗಟ್ಟಿದ ಬಾವು ಇದ್ದರೆ ಬಿರುಕಿನ ಅನುಮಾನ ಪಡಬೇಕು. ಹೆಬ್ಬೆರಳಾದರೆ ಎಕ್ಸ್‌ರೇ ಮಾಡಿಸಲೇಬೇಕು. ನೆಟ್ಟಗಿರುವ ಚಿಕ್ಕ ಬೆರಳಾದರೆ ಎಕ್ಸ್‌ರೇಯಲ್ಲಿ ಬಿರುಕು ಕಂಡರೂ ಕಾಣದಿದ್ದರೂ ಮಾಡುವ ಉಪಚಾರ ಒಂದೇ: ಬಡ್ಡಿ ಟೇಪಿಂಗ್, ಅಂದರೆ ಗಾಯದ ಬೆರಳನ್ನು ಪಕ್ಕದ ಬೆರಳಿಗೆ ಜೋಡಿಸಿ ಕಟ್ಟುವುದು. ಎರಡು ಬೆರಳಿನ ನಡುವೆ ಮಡಿಸಿದ ಗಾಜ್ ಬಟ್ಟೆ ಇಡಿ, ಇಲ್ಲದಿದ್ದರೆ ಬೆವರಿಗೆ ಚರ್ಮ ಕೊಳೆಯುತ್ತದೆ. ಮೆಡಿಕಲ್ ಅಂಗಡಿಯ ಕಾಗದದ ಟೇಪನ್ನು ಗೆಣ್ಣಿನ ಮೇಲೊಂದು, ಕೆಳಗೊಂದು ಸುತ್ತು ಹಾಕಿ. ಬಿಗಿಯಬೇಡಿ. ತುದಿ ನೀಲಿಯಾದರೆ, ಜುಮ್ಮೆಂದರೆ ಕೂಡಲೇ ಬಿಚ್ಚಿ. ಗಾಜ್ ಬಟ್ಟೆಯನ್ನು ದಿನಾ ಬದಲಿಸಿ. ಹೀಗೆ ಮೂರು ನಾಲ್ಕು ವಾರ. ಗಟ್ಟಿ ಅಡಿಯ, ಅಗಲ ಮುಂಭಾಗದ ಚಪ್ಪಲಿ ಹಾಕಿ. ಮೂಳೆ ಕೂಡಲು ನಾಲ್ಕರಿಂದ ಆರು ವಾರ ಬೇಕು. ಚರ್ಮ ಹರಿದವರು ಮತ್ತು ಸಕ್ಕರೆ ಕಾಯಿಲೆಯವರು ಇದನ್ನು ತಾವೇ ಮಾಡಿಕೊಳ್ಳಬಾರದು.

ಸಕ್ಕರೆ ಕಾಯಿಲೆ ಇದ್ದವರ ಲೆಕ್ಕವೇ ಬೇರೆ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಮಂದವಾಗುತ್ತವೆ, ನೋವೇ ತಿಳಿಯುವುದಿಲ್ಲ. ಅವರಲ್ಲಿ ನೋವಿಲ್ಲ ಎಂಬುದೇ ಎಚ್ಚರಿಕೆಯ ಗಂಟೆ. ಎಷ್ಟೇ ಸಣ್ಣ ಗಾಯವಾದರೂ ಅದೇ ದಿನ ತೋರಿಸಬೇಕು. ಬೆರಳು ಕತ್ತರಿಸುವ ಸ್ಥಿತಿಗೆ ಹೋಗುವ ಎಷ್ಟೋ ಪ್ರಕರಣಗಳು ಹೀಗೆ ನೋವಿಲ್ಲದ ಗಾಯದಿಂದಲೇ ಶುರುವಾಗಿರುತ್ತವೆ.

ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ ವಿಷಯದಲ್ಲಿ ಎರಡು ಗೊಂದಲಗಳಿವೆ. ತುಕ್ಕು ಹಿಡಿದ ಕಬ್ಬಿಣ ತಾಗಿದರೆ ಮಾತ್ರ ಬೇಕು ಎಂಬುದೊಂದು, ಪೆಟ್ಟು ಬಿದ್ದಾಗಲೆಲ್ಲ ಬೇಕು ಎಂಬುದಿನ್ನೊಂದು. ಬೀಜಾಣು ಇರುವುದು ಮಣ್ಣು, ಗೊಬ್ಬರದಲ್ಲಿ. ಚರ್ಮ ಹರಿಯದಿದ್ದರೆ ಇಂಜೆಕ್ಷನ್ ಬೇಕಿಲ್ಲ. ಲಸಿಕೆಗಳು ಪೂರ್ಣವಾಗಿದ್ದರೆ ಸ್ವಚ್ಛ, ಸಣ್ಣ ಗಾಯಕ್ಕೆ ಹಿಂದಿನ ಡೋಸಿನಿಂದ ಹತ್ತು ವರ್ಷದವರೆಗೆ, ಮಣ್ಣು ಮೆತ್ತಿದ ಗಾಯಕ್ಕೆ ಐದು ವರ್ಷದವರೆಗೆ ರಕ್ಷಣೆ ಇರುತ್ತದೆ. ಈಗ ಟಿಟಿಯ ಜಾಗದಲ್ಲಿ ಕೊಡುವುದು ಟಿಡಿ, ಇದರಲ್ಲಿ ಗಂಟಲುಮಾರಿಯ ರಕ್ಷಣೆಯೂ ಸೇರಿದೆ. ಹೆಣ್ಣುಮಕ್ಕಳಿಗೆ ಬಸಿರಿನಲ್ಲಿ ಇದು ಸಿಕ್ಕಿರುತ್ತದೆ. ಗಂಡಸರು ಶಾಲೆ ಬಿಟ್ಟ ಮೇಲೆ ಹಾಕಿಸಿಕೊಂಡದ್ದೇ ನೆನಪಿರುವುದಿಲ್ಲ. ನೆನಪಿಲ್ಲದಿದ್ದರೆ ಹಾಗೆಂದೇ ಡಾಕ್ಟರಿಗೆ ಹೇಳಿ.

ಖಾನಾಪುರದ ಗದ್ದೆ, ಕಾಡಿನ ಕಡೆಯವರಿಗೆ ಇನ್ನೂ ಕೆಲವು ಮಾತು. ರಬ್ಬರ್ ಚಪ್ಪಲಿಯನ್ನು ತೂರಿ ಮೊಳೆ ಚುಚ್ಚಿದರೆ ಹೊರಗೆ ಚುಕ್ಕಿಯಷ್ಟೇ ಕಾಣುತ್ತದೆ. ಚಪ್ಪಲಿಯಲ್ಲಿದ್ದ ರೋಗಾಣು ಮಾತ್ರ ಆಳಕ್ಕೆ ಹೋಗಿರುತ್ತದೆ, ಆದ್ದರಿಂದ ತೋರಿಸಿಕೊಳ್ಳಿ. ಗಾಯದ ಕಾಲಿನಲ್ಲಿ ನಾಟಿಗದ್ದೆಗೆ ಇಳಿದರೆ ಇಲಿ ಜ್ವರದ ಸೋಂಕು ಒಳಸೇರಬಹುದು. ಆಮೇಲೆ ಜ್ವರ, ಮೈಕೈ ನೋವು ಬಂದರೆ ಗದ್ದೆಯ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ತಿಳಿಸಿ. ಹುಲ್ಲಿನಲ್ಲಿ, ಕತ್ತಲಲ್ಲಿ ಬೆರಳಿಗೆ ಏನೋ ತಾಗಿ ಉರಿ, ಬಾವು ಏರುತ್ತಿದ್ದರೆ ಕಲ್ಲು ತಾಗಿತೆಂದುಕೊಳ್ಳಬೇಡಿ. ಹಾವು ಕಡಿತವೆಂದೇ ಭಾವಿಸಿ ಆಸ್ಪತ್ರೆಗೆ ಹೊರಡಿ. ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಆದಷ್ಟು ನಡೆಯಬೇಡಿ. ಇನ್ನು ಪೆಟ್ಟೇ ಬೀಳದೆ ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಾಗಿ ಉರಿದರೆ ಅದು ಗೌಟ್, ಅಂದರೆ ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಕೀಲುಬೇನೆ ಇರಬಹುದು. ಅದರ ಔಷಧವೇ ಬೇರೆ.

ಎಲ್ಲಿಗೆ ಹೋಗಬೇಕು? ಗಾಯ ತೊಳೆಸಿ ಪಟ್ಟಿ ಕಟ್ಟಿಸಲು, ಟಿಡಿ ಹಾಕಿಸಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಅದಕ್ಕಿಂತ ಹೆಚ್ಚಿನದಕ್ಕೆ ಖಾನಾಪುರದ ತಾಲ್ಲೂಕು ಆಸ್ಪತ್ರೆ ಇದೆ. ಬೆರಳು ಸೊಟ್ಟಗಾಗಿದ್ದರೆ, ಮೂಳೆ ಕಂಡರೆ ಎಲುಬಿನ ತಜ್ಞರು ಬೇಕು. ಅದಕ್ಕೆ ಬೆಳಗಾವಿಯಲ್ಲಿ ಜನ ಸಿವಿಲ್ ಹಾಸ್ಪಿಟಲ್ ಎನ್ನುವ ಬಿಮ್ಸ್ ಜಿಲ್ಲಾ ಆಸ್ಪತ್ರೆ, ನೆಹರೂ ನಗರದ ಕೆಎಲ್‌ಇ ಡಾ. ಪ್ರಭಾಕರ ಕೋರೆ ಆಸ್ಪತ್ರೆ ಇವೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್, ಬಸ್ಸೂ ಇದೆ, ರೈಲೂ ಇದೆ. ಕಷ್ಟ ಇರುವುದು ಒಳ ಹಳ್ಳಿಗಳಿಗೆ. 2024ರ ಜುಲೈನಲ್ಲಿ ಭೀಮಗಡ ಕಾಡಿನ ಆಮಗಾಂವದಿಂದ ಕಾಯಿಲೆಯಾದ ಮಹಿಳೆಯೊಬ್ಬರನ್ನು ಊರವರು ಮಳೆಯಲ್ಲಿ ಹೊತ್ತು ತರಬೇಕಾಯಿತು. ಅಂಥ ಊರಿನವರು ಮಳೆಗಾಲದಲ್ಲಿ ‘ನಾಳೆ ನೋಡೋಣ’ ಎನ್ನದೆ, ಬೆಳಕಿರುವಾಗಲೇ ಹೊರಡುವ ನಿರ್ಧಾರ ಮಾಡಬೇಕು. ರಕ್ತ ನಿಲ್ಲದಿದ್ದರೆ, ಹಾವಿನ ಅನುಮಾನವಿದ್ದರೆ 108ಕ್ಕೆ ಕರೆ ಮಾಡಿ.

ಖರ್ಚಿನ ಮಾತು. ಮನೆ ಉಪಚಾರಕ್ಕೆ ಮಾತ್ರೆ, ಗಾಜ್, ಟೇಪ್ ಸೇರಿ ಹೆಚ್ಚು ಹಣ ಬೇಡ, ಜನೌಷಧಿ ಅಂಗಡಿಯಲ್ಲಿ ಮಾತ್ರೆ ಇನ್ನೂ ಅಗ್ಗ. ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ಆಧಾರ್ ಮತ್ತು ಬಿಪಿಎಲ್ ಕಾರ್ಡ್ ಇಟ್ಟುಕೊಳ್ಳಿ, ಎಕ್ಸ್‌ರೇ ರಿಯಾಯಿತಿಯನ್ನು ಚೀಟಿ ಮಾಡಿಸುವಾಗಲೇ ಕೇಳಿ. ಖಾಸಗಿಯಲ್ಲಿ ತಪಾಸಣೆ ಮತ್ತು ಎಕ್ಸ್‌ರೇ ದರವನ್ನು ಮೊದಲೇ ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಕಾರ್ಖಾನೆಯಲ್ಲಿ ಪೆಟ್ಟು ಬಿದ್ದವರು ಇದನ್ನು ಓದಲೇಬೇಕು. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದು, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಹಣ ಕಡಿತವಾಗುತ್ತಿದ್ದರೆ ಬೆಳಗಾವಿಯ ಇಎಸ್‌ಐ ಆಸ್ಪತ್ರೆಯಲ್ಲಿ ನಿಮಗೂ ಮನೆಯವರಿಗೂ ಚಿಕಿತ್ಸೆ ಉಚಿತ. ಕೆಲಸದ ವೇಳೆ ಆದ ಗಾಯದಿಂದ ಮೂರು ದಿನ ಅಥವಾ ಹೆಚ್ಚು ಕೆಲಸ ಮಾಡಲಾಗದಿದ್ದರೆ ಆ ದಿನಗಳಿಗೆ ಕೂಲಿಯ ಸುಮಾರು ಶೇ. 90ರಷ್ಟು ಪರಿಹಾರ ಸಿಗುತ್ತದೆ. ಅದಕ್ಕೆ ಅಪಘಾತವನ್ನು ಅದೇ ದಿನ ಮೇಲ್ವಿಚಾರಕರಿಗೆ ತಿಳಿಸಿ, ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ಬರೆಸಿ. ‘ಮನೆಯಲ್ಲಿ ಬಿದ್ದೆ’ ಎಂದು ಆಸ್ಪತ್ರೆಯಲ್ಲಿ ಹೇಳಿದರೆ ಚೀಟಿಯಲ್ಲೂ ಹಾಗೇ ದಾಖಲಾಗುತ್ತದೆ, ಮುಂದೆ ಪರಿಹಾರ ಪಡೆಯುವುದು ಕಷ್ಟವಾಗುತ್ತದೆ. ಎಲ್ಲಿ, ಎಷ್ಟು ಹೊತ್ತಿಗೆ, ಏನು ಬಿತ್ತು ಎಂಬುದನ್ನು ಇದ್ದ ಹಾಗೆ ಹೇಳಿ, ರಜೆಯ ಸರ್ಟಿಫಿಕೇಟನ್ನು ಕೇಳಿ ಪಡೆಯಿರಿ.