ಡಬ್ಬಿಗೆ ಬಾರದ ಕಾರುಗಳು

ಮೆಕ್ಸಿಕೋ ದೇಶದ ಹ್ವಾರೆಸ್ ಪಟ್ಟಣದಲ್ಲಿ, ವಯಸ್ಕರ ಪುಸ್ತಕ ಮಾರುವ ಅಂಗಡಿಯೊಂದರ ಎದುರಿಗೆ, ಒಂದು ವಿಚಿತ್ರ ಕಾರು ಬಹಳ ಕಾಲ ಬಿದ್ದಿತ್ತು. ಅದರ ಮುಂಭಾಗವೇ ಕಳಚಿ ಹೋಗಿತ್ತು. ಜನ ಅದರೊಳಗೆ ಕಸ ಹಾಕುತ್ತಿದ್ದರು. 2007ರಲ್ಲಿ ಬಲ್ಲವರೊಬ್ಬರ ಕಣ್ಣಿಗೆ ಬಿದ್ದಾಗ ತಿಳಿಯಿತು, ಇದು ಆರ್ಬಿಟ್ರಾನ್, ಕ್ಯಾಲಿಫೋರ್ನಿಯಾದ ಎಡ್ ರಾತ್ 1964ರಲ್ಲಿ ಕೈಯಾರೆ ಕಟ್ಟಿದ ಪ್ರದರ್ಶನದ ಕಾರು ಎಂದು.

ರಾತ್ ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ. ಅಮೆರಿಕದಲ್ಲಿ ಅರವತ್ತರ ದಶಕದ ಹುಡುಗರಿಗೆ ಆತ ಸಿನಿಮಾ ನಟನಷ್ಟೇ ದೊಡ್ಡವನು. ಪ್ಲಾಸ್ಟರಿನಲ್ಲಿ ಆಕಾರ ತಿದ್ದಿ, ಅದರ ಮೇಲೆ ಫೈಬರ್‌ಗ್ಲಾಸ್ ಹಾಸಿ, ತಲೆಯ ಮೇಲೆ ಗಾಜಿನಂಥ ಗುಮ್ಮಟ ಕೂರಿಸಿ, ಯಾವ ಕಾರ್ಖಾನೆಯೂ ಕನಸು ಕಾಣದ ಗಾಡಿಗಳನ್ನು ಮಾಡುತ್ತಿದ್ದ. ಕ್ಯಾಲಿಫೋರ್ನಿಯಾದಲ್ಲೇ ವೆನಿಸ್ ಎಂಬ ಊರಿನಲ್ಲಿದ್ದ ರೆವೆಲ್ ಕಂಪನಿ ಅವುಗಳನ್ನು ಪುಟ್ಟ ಪ್ಲಾಸ್ಟಿಕ್ ಕಿಟ್ ಮಾಡಿ, ಅಂದರೆ ಮನೆಯಲ್ಲಿ ಅಂಟಿಸಿ ಕೂಡಿಸುವ ಬಿಡಿಭಾಗಗಳನ್ನು ಡಬ್ಬಿಯಲ್ಲಿಟ್ಟು ಮಾರಿತು. ಔಟ್‌ಲಾ, ಬೀಟ್ನಿಕ್ ಬ್ಯಾಂಡಿಟ್, ಮಿಸ್ಟೀರಿಯನ್, ರೋಡ್ ಏಜೆಂಟ್, ಸರ್ಫೈಟ್, ಹೀಗೆ ಒಂದಾದ ಮೇಲೊಂದು. ಡಬ್ಬಿಯೊಂದಕ್ಕೆ ರಾತ್‌ಗೆ ಸಿಗುತ್ತಿದ್ದುದು ಒಂದೇ ಒಂದು ಸೆಂಟ್. 1963ರಲ್ಲಿ ಆ ಲೆಕ್ಕದಲ್ಲೇ 32,000 ಡಾಲರ್ ಬಂತು. ಅಂದರೆ ಒಂದೇ ವರ್ಷದಲ್ಲಿ ಎಷ್ಟು ಲಕ್ಷ ಡಬ್ಬಿ ಹೋಗಿರಬೇಕು, ನೀವೇ ಗುಣಿಸಿ ನೋಡಿ.

ಇಷ್ಟೆಲ್ಲ ಓಡುತ್ತಿದ್ದ ಕಾಲದಲ್ಲೇ ಬಂದ ಆರ್ಬಿಟ್ರಾನ್‌ಗೆ ಮಾತ್ರ ರೆವೆಲ್ ಕಿಟ್ ಮಾಡಲಿಲ್ಲ. ನೋಡಲು ಅದೇನು ಕಡಿಮೆಯದಲ್ಲ. ಮೂತಿಯ ಒಂದು ಪಕ್ಕಕ್ಕೆ ಮಾತ್ರ ಮೂರು ದೀಪ: ಕೆಂಪು, ಹಸಿರು, ನೀಲಿ. ಕಲರ್ ಟೀವಿಯಲ್ಲಿ ಆಗುವಂತೆ ಮೂರೂ ಬೆರೆತು ಬಿಳಿ ಬೆಳಕು ಬರಬೇಕೆಂಬುದು ಅವನ ಎಣಿಕೆ. ಆದರೂ ಜನಕ್ಕೆ ಹಿಡಿಸಲಿಲ್ಲ. ಅದಕ್ಕೆ ರಾತ್ ಕೊಟ್ಟ ಕಾರಣ ನನಗೆ ಬಹಳ ಇಷ್ಟ: ಕ್ರೋಮ್ ಹಾಕಿ ಥಳಥಳ ಮಾಡಿದ ಷೆವರ್ಲೆ ಎಂಜಿನ್ನನ್ನು ಬಾನೆಟ್ ಕೆಳಗೆ ಮುಚ್ಚಿಟ್ಟೆ, ಅದೇ ತಪ್ಪಾಯಿತು ಎಂದು.

ನಾನು ಅಚ್ಚು ಮಾಡುವವನು. ಬೆಂಗಳೂರಿನ ರಾಜಾಜಿನಗರದ ಜಿಟಿಟಿಸಿ ತರಬೇತಿ ಕೇಂದ್ರದಲ್ಲಿ ಕಲಿತು, ಪೀಣ್ಯದ ಟೂಲ್ ರೂಮುಗಳಲ್ಲಿ ಮಿಕ್ಸಿ ಜಾರಿನ ಮುಚ್ಚಳ, ಸ್ವಿಚ್ ಬಾಕ್ಸು, ಸ್ಕೂಟರಿನ ಹಿಂದಿನ ದೀಪದ ಗಾಜು ಇಂಥವುಗಳ ಮೋಲ್ಡ್ ಕೊರೆಯುತ್ತ ನಿವೃತ್ತನಾದೆ. ಕಾರಿನ ಕಿಟ್ ಕೂಡಿಸುವುದು ಹವ್ಯಾಸ. ಹಾಗಾಗಿ ಬಾರದ ಕಿಟ್ ಬಗ್ಗೆ ಯಾರಾದರೂ ಹೇಳಿದರೆ ಉಳಿದವರು ಕಾರಿನ ಚಂದ ನೆನೆಯುತ್ತಾರೆ, ನನ್ನ ತಲೆ ಅಚ್ಚಿನ ಕಡೆಗೇ ಹೋಗುತ್ತದೆ. ರಾತ್ ಹೇಳಿದ್ದು ಕಿಟ್ ಕಂಪನಿಯ ಕಣ್ಣಿನಿಂದಲೂ ಸರಿಯಾದ ಮಾತು. ಹುಡುಗ ಡಬ್ಬಿ ಬಿಚ್ಚುವುದು ಬಿಡಿಭಾಗ ನೋಡುವುದಕ್ಕೆ. ಮಿಸ್ಟೀರಿಯನ್‌ನಲ್ಲಿ ಎರಡು ಫೋರ್ಡ್ ಎಂಜಿನ್ ಹೊರಗೇ ಕೂತಿದ್ದವು, ಕಿಟ್ಟಿನ ತುಂಬ ಕ್ರೋಮು. ಆರ್ಬಿಟ್ರಾನ್‌ನಲ್ಲಿ ಅಂಟಿಸಿ ಮುಗಿಸಿದ ಮೇಲೆ ಕಾಣುವುದು ನುಣ್ಣನೆಯ ಒಂದು ಮೈ. ಅಚ್ಚು ಕೊರೆಯಲು ಅದೇ ಸುಲಭ, ಮಾರಲು ಅದೇ ಕಷ್ಟ.

ಈ ಅಚ್ಚಿನ ವಿಷಯ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಯೋಜನೆಗಳು ಸಾಯುವುದು ಬಹುಮಟ್ಟಿಗೆ ಅಲ್ಲೇ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ, ಕರಗಿದ ಪಾಲಿಸ್ಟೈರೀನನ್ನು ಭಾರೀ ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುತ್ತಾರೆ. ಅಮೆರಿಕದ ಕಾರ್ ಕಿಟ್ಟುಗಳ ಮಾಮೂಲಿ ಅಳತೆ 1/25. ಐದು ಮೀಟರಿನ ಕಾರು ಇಪ್ಪತ್ತು ಸೆಂಟಿಮೀಟರ್ ಆಗುತ್ತದೆ, ಬಾಗಿಲಿನ ಸಂದಿಯ ಐದು ಮಿಲಿಮೀಟರ್ ಮಿಲಿಮೀಟರಿನ ಐದನೇ ಒಂದು ಭಾಗವಾಗುತ್ತದೆ. ಅಷ್ಟನ್ನೂ ಉಕ್ಕಿನಲ್ಲಿ ಕೆತ್ತಬೇಕು. ಚಕ್ರ, ಸೀಟು, ಸೈಲೆನ್ಸರ್ ಇವಕ್ಕೆ ಎರಡು ಹೋಳಿನ ಅಚ್ಚು ಸಾಕು. ಮೈಗೆ ಸಾಲದು. ಬಾಗಿಲಿನ ಗೆರೆ ಪಕ್ಕದಲ್ಲಿ, ಗ್ರಿಲ್ಲಿನ ಗುಳಿ ಮುಂದೆ, ದೀಪದ ಗುಳಿ ಹಿಂದೆ. ನೇರ ಮೇಲಕ್ಕೆ ಎತ್ತಿದರೆ ಎಲ್ಲವೂ ಉಜ್ಜಿ ಹೋಗುತ್ತವೆ. ಆದ್ದರಿಂದ ನಾಲ್ಕೂ ಕಡೆಯಿಂದ ಸ್ಲೈಡರುಗಳು, ಅಂದರೆ ಅಚ್ಚಿನ ಸರಿಯುವ ಹೋಳುಗಳು, ಬಂದು ಕೂಡಿ, ಪ್ಲಾಸ್ಟಿಕ್ ತುಂಬಿ ಗಟ್ಟಿಯಾದ ಮೇಲೆ ಒಟ್ಟಿಗೇ ಹಿಂದೆ ಸರಿಯಬೇಕು. ಒಂದು ಸ್ಲೈಡರು ಕೂದಲೆಳೆಯಷ್ಟು ತಪ್ಪಿದರೂ ಕಾರಿನ ಮೈಮೇಲೆ ಗೆರೆ ಏಳುತ್ತದೆ. ಅರವತ್ತರ ದಶಕದಲ್ಲಿ ಕಂಪ್ಯೂಟರ್ ಎಲ್ಲಿತ್ತು? ದೊಡ್ಡ ಅಳತೆಯ ಮರದ ಮಾದರಿ ಕೆತ್ತಿ, ಪ್ಯಾಂಟೋಗ್ರಾಫ್ ಹಿಡಿದು ಕುಗ್ಗಿಸುತ್ತ ಉಕ್ಕು ಕೊರೆಯುತ್ತಿದ್ದರು. ಆ ಕೆಲಸಗಾರರ ಹೆಸರು ಯಾವ ಡಬ್ಬಿಯ ಮೇಲೂ ಇಲ್ಲ ಎಂಬುದು ನನ್ನ ಹಳೆಯ ಕೊರಗು. ಇರಲಿ.

ಇಂದಿಗೂ ಒಂದು ಹೊಸ ಕಾರಿನ ಕಿಟ್ಟಿಗೆ ಅಚ್ಚು ಮಾಡಿಸಲು ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಮೊದಲ ಡಬ್ಬಿ ಮಾರುವ ಮುನ್ನವೇ ಇಡೀ ದುಡ್ಡು ಸುರಿದಾಗಿರುತ್ತದೆ. ಚಿತ್ರ ಬಿಡಿಸುವುದಕ್ಕೆ ಖರ್ಚಿಲ್ಲ, ಕೈಯಲ್ಲಿ ಒಂದು ಮಾದರಿ ಮಾಡಿ ಕ್ಯಾಟಲಾಗಿಗೆ ಫೋಟೋ ತೆಗೆಯುವುದಕ್ಕೂ ಹೆಚ್ಚೇನಿಲ್ಲ. ವ್ಯಾಪಾರಿಗಳು ಅದನ್ನು ನೋಡಿ ಎಷ್ಟು ಆರ್ಡರ್ ಕೊಡುತ್ತಾರೆ ಎಂದು ಕಾದು, ಕಡಿಮೆ ಬಂದರೆ ಉಕ್ಕು ಕೊಳ್ಳುವ ಮೊದಲೇ ಕೈಬಿಡುವುದು ಜಾಣತನ. ಹಾಗಾಗಿ ಕ್ಯಾಟಲಾಗಿನಲ್ಲಿ ಕಂಡದ್ದೆಲ್ಲ ಅಂಗಡಿಗೆ ಬರುವುದಿಲ್ಲ. ಮಕ್ಕಳು ಮಾತ್ರ ಕಾಯುತ್ತಲೇ ಇರುತ್ತಾರೆ, ಕೆಲವರು ಅರವತ್ತು ದಾಟಿದರೂ.

ಡೆಟ್ರಾಯಿಟ್ ಆಸುಪಾಸಿನ ಕಿಟ್ ಕಂಪನಿಗಳಿಗೆ ಇನ್ನೊಂದು ಪೇಚು. ಮಿಶಿಗನ್ನಿನ ಟ್ರಾಯ್‌ನಲ್ಲಿದ್ದ ಎಎಂಟಿ, ಜಾನ್ ಹೇನ್ಲೆಯ ಜೋ-ಹ್ಯಾನ್ ಇವರೆಲ್ಲ ಮೊದಲು ಕಾರ್ ಶೋರೂಮುಗಳಿಗೆ ಪುಟ್ಟ ಮಾದರಿಗಳನ್ನು ಮಾಡಿಕೊಡುತ್ತಿದ್ದವರು. 1958ರಿಂದ ಎಎಂಟಿ ಅವನ್ನೇ ಬಿಡಿಬಿಡಿ ಮಾಡಿ, ಒಂದೇ ಡಬ್ಬಿಯಿಂದ ಮೂರು ಬಗೆಯಲ್ಲಿ ಕಟ್ಟಬಹುದಾದ ಕಿಟ್ ಮಾಡಿತು. ನಿಜವಾದ ಕಾರು ಹೊರಬರುವ ಹೊತ್ತಿಗೇ ಕಿಟ್ ಕೂಡ ಸಿದ್ಧವಿರಬೇಕು. ಅಂದರೆ ಕಾರ್ಖಾನೆಯ ನಕ್ಷೆ ಗುಟ್ಟಾಗಿ ಪಡೆದು ಮೊದಲೇ ಅಚ್ಚು ಶುರುಮಾಡಬೇಕು. ಮರುವರ್ಷ ಕಾರಿನ ಗ್ರಿಲ್ ಬದಲಾದರೆ ಅದೇ ಅಚ್ಚನ್ನು ತಿದ್ದಿ ಮುಂದಿನ ವರ್ಷದ ಕಿಟ್ ಮಾಡುತ್ತಿದ್ದರು. ಹಳೆಯದು ಅಲ್ಲಿಗೆ ಮುಗಿಯಿತು, ಬೇಕೆಂದರೂ ಮತ್ತೆ ಹೊಡೆಯಲಾಗದು. ಕಿಟ್ಟುಗಳ ಲೋಕದಲ್ಲಿ ಹುಟ್ಟದೆ ಹೋದವಕ್ಕಿಂತ ಹೀಗೆ ತಿದ್ದುಪಡಿಯಲ್ಲಿ ಅಳಿಸಿಹೋದವೇ ನನಗೆ ಹೆಚ್ಚು ಹೊಟ್ಟೆಯುರಿಸುತ್ತವೆ.

ಕಂಪನಿಯೇ ಮುಳುಗಿದರೆ ಮೇಜಿನ ಮೇಲಿದ್ದ ಯೋಜನೆಗಳ ಗತಿ ಹೇಳಬೇಕಿಲ್ಲ. ಅಮೆರಿಕದ ಅರೋರಾ 1977ರಲ್ಲಿ, ಇಂಗ್ಲೆಂಡಿನ ಏರ್‌ಫಿಕ್ಸ್ 1981ರಲ್ಲಿ, ಎಎಂಟಿಯನ್ನು ಕೊಂಡಿದ್ದ ಲೆಸ್ನಿ 1982ರಲ್ಲಿ ಮಗುಚಿದವು. ರೆವೆಲ್‌ನ ಒಡೆಯನಾಗಿದ್ದ ಹಾಬಿಕೋ 2018ರಲ್ಲಿ ದಿವಾಳಿಯಾಯಿತು. ಅಚ್ಚುಗಳಿಗೆ ಬೆಲೆಯಿದೆ, ಹರಾಜಿನಲ್ಲಿ ಯಾರಾದರೂ ಕೊಳ್ಳುತ್ತಾರೆ. ನಕ್ಷೆಯ ಸುರುಳಿಗೆ, ಅರೆಬರೆ ಕೆತ್ತಿದ ಮರದ ಮಾದರಿಗೆ ಬೆಲೆ ಕಟ್ಟುವವರು ಯಾರು?

ಕಾರಿದ್ದೂ ಕಿಟ್ ಬಾರದ್ದಕ್ಕೆ ತಿರುಗುಮುರುಗಾದ, ಕಾರಿಲ್ಲದೆಯೇ ಕಿಟ್ ಬಂದ ಕತೆಯೂ ಉಂಟು. ಕ್ರೈಸ್ಲರ್ ಕಂಪನಿಯ ವಿನ್ಯಾಸಕಾರನಾಗಿದ್ದ ವರ್ಜಿಲ್ ಎಕ್ಸ್‌ನರ್, ಮುಚ್ಚಿಹೋದ ಹಳೆಯ ಕಾರು ಕಂಪನಿಗಳು ಬದುಕಿದ್ದರೆ ಅರವತ್ತರ ದಶಕದಲ್ಲಿ ಎಂಥ ಕಾರು ಮಾಡುತ್ತಿದ್ದವು ಎಂದು 1963ರಲ್ಲಿ ಎಸ್ಕ್ವೈರ್ ಪತ್ರಿಕೆಗೆ ಚಿತ್ರ ಬಿಡಿಸಿದ. ರೆನ್ವಾಲ್ ಎಂಬ ಆಟಿಕೆ ಕಂಪನಿ ಅವುಗಳ ಕಿಟ್ಟನ್ನೇ ತಂದಿತು. ಪ್ಯಾಕಾರ್ಡ್ ಹೆಸರಿನ ಕಾರು 1958ಕ್ಕೇ ನಿಂತಿತ್ತು, ಅಂಗಡಿಯಲ್ಲಿ 1966ರ ಪ್ಯಾಕಾರ್ಡ್ ಡಬ್ಬಿ! ಟಾಮ್ ಡೇನಿಯಲ್ ಮೊನೋಗ್ರಾಮ್ ಕಂಪನಿಗೆ ಬಿಡಿಸಿಕೊಟ್ಟ ರೆಡ್ ಬ್ಯಾರನ್ ಮೊದಲು ಕಿಟ್ ಆಯಿತು, ಆಮೇಲೆ ಅದನ್ನು ನೋಡಿ ನಿಜವಾದ ಕಾರು ಕಟ್ಟಿದರು.

ಮತ್ತೆ ರಾತ್ ಕಾರುಗಳಿಗೆ ಬಂದರೆ, ಮಿಸ್ಟೀರಿಯನ್ ಎಂದೋ ನಾಶವಾಯಿತು. ಮುಂದೆ ಅಭಿಮಾನಿಗಳು ಅದರ ಪ್ರತಿರೂಪ ಕಟ್ಟಲು ಹೊರಟಾಗ ಫೋಟೋಗಳ ಜೊತೆಗೆ ರೆವೆಲ್ ಕಿಟ್ ಕೂಡ ನೆರವಿಗೆ ಬಂತು. ಆರ್ಬಿಟ್ರಾನ್‌ಗೆ ಅಂಥ ಭಾಗ್ಯವಿರಲಿಲ್ಲ. ಕ್ಯಾಲಿಫೋರ್ನಿಯಾದ ಗಾಲ್ಪಿನ್ ಸಂಸ್ಥೆಯವರು ಅದನ್ನು ಕೊಂಡು, ಇಲ್ಲದ ಮೂತಿಯನ್ನು ಹಳೆಯ ಚಿತ್ರಗಳ ಆಧಾರದಲ್ಲಿ ಮತ್ತೆ ಮಾಡಿ, ಮೂರು ಬಣ್ಣದ ದೀಪ ಕೂರಿಸಿ ನಿಲ್ಲಿಸಿದರು.

ನನ್ನ ಮಗಳ ಮನೆ ಎಎಂಟಿ ಇದ್ದ ಆ ಟ್ರಾಯ್‌ನಲ್ಲೇ. ಊರಲ್ಲಿ ಹಿಂದೊಮ್ಮೆ ಎಎಂಟಿ ಇತ್ತು ಎಂದರೆ ಅಳಿಯನಿಗೇ ಆಶ್ಚರ್ಯ. ಅಲ್ಲಿ ಹಳೇ ಕಿಟ್ಟುಗಳ ಸಂತೆಗೆ ಹೋದಾಗ ಗೊತ್ತಾದದ್ದು, ಕಂಪನಿ ಕೈಬಿಟ್ಟದ್ದನ್ನು ಜನ ಮನೆಯಲ್ಲೇ ಮಾಡಿಕೊಳ್ಳುತ್ತಾರೆ ಎಂದು. ಒಬ್ಬ ಒಂದು ಮೈಯನ್ನು ಕೈಯಲ್ಲೇ ತಿದ್ದಿ ತೀಡಿ ಮಾಡುತ್ತಾನೆ, ಅದರ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆಯುತ್ತಾನೆ, ಅದರಲ್ಲಿ ತಾನಾಗಿ ಗಟ್ಟಿಯಾಗುವ ರೆಸಿನ್ ದ್ರವ ಹೊಯ್ಯುತ್ತಾನೆ. ಅಡಿಭಾಗ, ಚಕ್ರ ಬೇರೊಂದು ಕಿಟ್ಟಿನಿಂದ. ಡಬ್ಬಿಗೆ ಚಿತ್ರವನ್ನೂ ಹಳೇ ಕಾಲದ ಶೈಲಿಯಲ್ಲೇ ಬಿಡಿಸಿ ಅಂಟಿಸುವ ಪುಣ್ಯಾತ್ಮರಿದ್ದಾರೆ. ನಂಬಿ ಕೊಂಡೇಬಿಡಬೇಕು, ಹಾಗಿರುತ್ತವೆ.

ಹೀಗೆ ಬಾರದ ಕಿಟ್ಟುಗಳಲ್ಲಿ ನನಗೆ ಬೇಕಾಗಿರುವುದು ನಮ್ಮ ಹಳೆಯ ಕಾರು ಪ್ರೀಮಿಯರ್ ಪದ್ಮಿನಿ. ಪ್ಲಾಸ್ಟಿಕ್ ಕಿಟ್ ರೂಪದಲ್ಲಿ ಅದನ್ನು ನಾನು ಎಲ್ಲೂ ಕಂಡಿಲ್ಲ. ಯಾವುದಾದರೂ ಕಂಪನಿ ಮಾಡೀತೇ ಎಂದು ಲೆಕ್ಕ ಹಾಕಿದೆ. ಅಚ್ಚಿಗೆ ಒಂದು ಕೋಟಿ ಎನ್ನಿ. ಕಿಟ್ಟಿನ ಬೆಲೆ ಎರಡು ಸಾವಿರ, ಅಂಗಡಿ, ಡಬ್ಬಿ, ಪ್ಲಾಸ್ಟಿಕ್, ತೆರಿಗೆ ಎಲ್ಲ ಕಳೆದು ಕೈಗೆ ನಾನೂರು ಉಳಿದರೆ, ಅಚ್ಚಿನ ದುಡ್ಡು ಹುಟ್ಟಲೇ 25,000 ಕಿಟ್ ಮಾರಬೇಕು. ಪದ್ಮಿನಿಯಲ್ಲಿ ಮದುವೆ ದಿಬ್ಬಣ ಹೋದವರು ಲಕ್ಷಾಂತರ ಮಂದಿ ಇರಬಹುದು. ಅವರಲ್ಲಿ ಚಿಮಟ ಹಿಡಿದು ವೈಪರ್ ಅಂಟಿಸಲು ಕೂರುವವರು ಎಷ್ಟು ಜನ? ನಾನೇ ಮಾಲೀಕನಾಗಿದ್ದರೂ ಆ ಫೈಲು ಮುಚ್ಚುತ್ತಿದ್ದೆ.

ಆದ್ದರಿಂದ ರೆಸಿನ್ ದಾರಿ ಹಿಡಿದಿದ್ದೇನೆ. ರಬ್ಬರ್ ಅಚ್ಚು ಇಪ್ಪತ್ತು ಮೂವತ್ತು ಮೈ ತೆಗೆಯುವಷ್ಟರಲ್ಲಿ ಹರಿಯುತ್ತದೆ, ಅಷ್ಟು ನನಗೂ ನಾಲ್ಕು ಸ್ನೇಹಿತರಿಗೂ ಸಾಕು. ಮೈ ಒಂದು ಹದಕ್ಕೆ ಬಂದಿದೆ, ಮುಂದಿನ ಗ್ರಿಲ್ ನಿಂತಿದೆ. ಬೀದಿಯಲ್ಲಿ ಉಳಿದಿರುವ ಗಾಡಿಗಳಲ್ಲಿ ಬಹುಪಾಲಿಗೆ ಯಾವ್ಯಾವುದೋ ಗ್ರಿಲ್ ಹಾಕಿಬಿಟ್ಟಿದ್ದಾರೆ. ಯಾರ ಮನೆಯ ಶೆಡ್ಡಿನಲ್ಲಾದರೂ ಒರಿಜಿನಲ್ ಗ್ರಿಲ್ ಇರುವ ಪದ್ಮಿನಿ ಇದ್ದರೆ ಅಳತೆ ತೆಗೆದುಕೊಳ್ಳಲು ಒಂದು ಗಂಟೆ ಬಿಡಿ. ವರ್ನಿಯರ್ ನಾನೇ ತರುತ್ತೇನೆ.