ಹಿನ್ನೋಟ ಸಭೆ: ದೂರುವುದಕ್ಕಲ್ಲ, ತಿದ್ದಿಕೊಳ್ಳುವುದಕ್ಕೆ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿಯೂ ರೂಢಿಯಲ್ಲಿರುವ ‘ಅಜೈಲ್’ ಪದ್ಧತಿಯಲ್ಲಿ ಕೆಲಸವನ್ನು ಕೆಲವೇ ವಾರಗಳ ಅವಧಿಗಳನ್ನಾಗಿ ವಿಂಗಡಿಸಲಾಗುತ್ತದೆ. ಅವಧಿ ಮುಗಿದಾಗ ತಂಡವು ಒಟ್ಟಿಗೆ ಕುಳಿತು ತನ್ನ ಕಾರ್ಯವೈಖರಿಯನ್ನೇ ಪರಾಮರ್ಶಿಸುವ ಸಭೆಗೆ ‘ರೆಟ್ರೊಸ್ಪೆಕ್ಟಿವ್’, ಅಂದರೆ ಹಿನ್ನೋಟ ಎಂದು ಹೆಸರು. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ್ದ 17 ತಂತ್ರಜ್ಞರ ಅಜೈಲ್ ಪ್ರಣಾಳಿಕೆಯ ಜೊತೆಗಿರುವ 12 ತತ್ವಗಳಲ್ಲಿ ಕೊನೆಯದು ಇದನ್ನೇ ಹೇಳುತ್ತದೆ.

ಈ ಸಭೆಯ ಜೀವಾಳ ನಿರ್ಭೀತಿ. ಅಂದಿನ ತಿಳಿವಳಿಕೆ, ಸೌಲಭ್ಯಗಳ ಮಿತಿಯಲ್ಲಿ ಪ್ರತಿಯೊಬ್ಬರೂ ಕೈಲಾದಷ್ಟು ಚೆನ್ನಾಗಿಯೇ ದುಡಿದಿದ್ದಾರೆಂದು ಮೊದಲು ನಂಬಬೇಕೆಂಬುದು ಈ ವಿಷಯದ ಲೇಖಕ ನಾರ್ಮನ್ ಕೆರ್ತ್ ವಿಧಿಸಿದ ಮೂಲ ನಿಯಮ. ಕೊನೆಯ ದಿನ ಪತ್ತೆಯಾದ ದೋಷಕ್ಕೆ ‘ಯಾರು ಹೊಣೆ?’ ಎಂದರೆ ಎಲ್ಲರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ‘ಪರೀಕ್ಷೆ ಕೊನೆಯ ದಿನದವರೆಗೆ ಏಕೆ ಉಳಿಯಿತು?’ ಎಂದರೆ ಕಾರಣ ಹೊರಬೀಳುತ್ತದೆ. ಬಡ್ತಿ ನಿರ್ಧರಿಸುವ ಮೇಲಧಿಕಾರಿಯೇ ಎದುರಿಗಿದ್ದರಂತೂ ಮಾತು ಹೊರಡುವುದು ಕಷ್ಟ.

ಗೋಡೆಗೆ ಬಣ್ಣದ ಚೀಟಿಗಳನ್ನು ಅಂಟಿಸಿ, ಹತ್ತು ನಿರ್ಣಯ ಕೈಗೊಂಡು, ಮರುದಿನವೇ ಮರೆಯುವುದು ಇನ್ನೊಂದು ರೋಗ. ಒಂದು ತಿಂಗಳ ಅವಧಿಗೆ ಗರಿಷ್ಠ 3 ಗಂಟೆಯ ಹಿನ್ನೋಟ ಸಾಕೆನ್ನುವ 2020ರ ಸ್ಕ್ರಂ ಮಾರ್ಗದರ್ಶಿ, ಪರಿಣಾಮಕಾರಿ ಸುಧಾರಣೆಗಳನ್ನು ಮುಂದಿನ ಅವಧಿಯ ಕೆಲಸದ ಪಟ್ಟಿಗೇ ಸೇರಿಸಬಹುದೆನ್ನುತ್ತದೆ. ಹತ್ತರ ಬದಲು ಒಂದನ್ನೇ ಆರಿಸಿ, ಹೊಣೆ ಹೊತ್ತವರ ಹೆಸರು ಬರೆದಿಟ್ಟು, ಅದು ನೆರವೇರಿತೇ ಎಂಬ ಪ್ರಶ್ನೆಯಿಂದಲೇ ಮುಂದಿನ ಸಭೆಯನ್ನು ಆರಂಭಿಸುವುದು ಲೇಸು.