ತಲೆನೋವು, ವಾಕರಿಕೆ, ಸುಸ್ತು: ಎಲ್ಲವೂ ‘ಗ್ಯಾಸ್’ ಅಲ್ಲ

ಟಿನ್ ಫ್ಯಾಕ್ಟರಿಯಲ್ಲಿ ಅರ್ಧ ಗಂಟೆ ಬಸ್ಸಿಗೆ ಕಾದರೆ ಸಾಕು, ಗಟ್ಟಿಮುಟ್ಟಾದವನಿಗೂ ತಲೆ ಹಿಡಿದುಕೊಳ್ಳುತ್ತದೆ. ಹಳೆ ಮದ್ರಾಸ್ ರಸ್ತೆಯ ಲಾರಿ, ಹೊರ ವರ್ತುಲ ರಸ್ತೆಯ ಹಾರ್ನ್, ಧೂಳು. ಊರಿಂದ ಬಂದ ನಮ್ಮ ಹುಡುಗರು ಇಂಥ ಕಡೆಗಳ ಬೇಕರಿ, ಜ್ಯೂಸ್ ಅಂಗಡಿಗಳಲ್ಲಿ ಬೆಳಗ್ಗಿನಿಂದ ರಾತ್ರಿವರೆಗೆ ನಿಂತಿರುತ್ತಾರೆ. ತಲೆ ಸಿಡಿಯುತ್ತದೆ, ವಾಂತಿ ಬಂದಂತಾಗುತ್ತದೆ, ಮೈಯಲ್ಲಿ ತ್ರಾಣವೇ ಇಲ್ಲ ಅಂದರೆ ನಮ್ಮೆಲ್ಲರ ಬಾಯಲ್ಲಿ ಒಂದೇ ಮಾತು: ‘ಗ್ಯಾಸ್ ತಲೆಗೇರಿದೆ, ಒಂದು ಸೋಡಾ ಕುಡಿ.’

ವಿಷಯ ಹೆಚ್ಚಾಗಿ ತಿರುಗಾಮುರುಗಾ. ಮೈಗ್ರೇನ್ ಮೆದುಳಿನ, ನರಗಳ ಕಾಯಿಲೆ. ಅದು ಬಂದಾಗ ಹೊಟ್ಟೆಯ ಚಲನೆಯೇ ನಿಧಾನವಾಗುತ್ತದೆ. ವಾಕರಿಕೆ, ಹೊಟ್ಟೆ ಉಬ್ಬರ ಅದರಿಂದ. ತಲೆನೋವು ಏರಿದ ಮೇಲೆ ನುಂಗಿದ ಮಾತ್ರೆ ಸರಿಯಾಗಿ ಹಿಡಿಯದಿರುವುದಕ್ಕೂ ಇದೇ ಕಾರಣ. ಶುರುವಾಗುವ ಮೊದಲೇ ಆಕಳಿಕೆ, ಸುಸ್ತು. ಬೆಳಕು, ಸದ್ದು, ಅತ್ತರಿನ ವಾಸನೆಯೂ ಬೇಡ ಅನಿಸುವುದು. ಔಷಧಿ ಇಲ್ಲದಿದ್ದರೆ 4ರಿಂದ 72 ಗಂಟೆ ನೋವು.

ನಿಮ್ಹಾನ್ಸ್ ತಜ್ಞರು 2009-10ರಲ್ಲಿ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಮಂದಿಯನ್ನು ಮಾತನಾಡಿಸಿ ನಡೆಸಿದ ಸಮೀಕ್ಷೆಯಲ್ಲಿ, ವರ್ಷದೊಳಗೆ ಮೈಗ್ರೇನ್ ಬಂದವರ ಪ್ರಮಾಣ ಶೇ. 25.2. ಅಂದರೆ ನಾಲ್ವರಲ್ಲಿ ಒಬ್ಬರು. ಹೆಂಗಸರಲ್ಲಿ ಹೆಚ್ಚು. ಮನೆಯಲ್ಲಿ ಉಮ್ಮ ತಲೆಗೆ ಬಟ್ಟೆ ಬಿಗಿದು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದರಲ್ಲ, ಅದಕ್ಕೊಂದು ಹೆಸರಿದೆ, ಮದ್ದೂ ಇದೆ ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಕೆರಳಿಸುವ ಸಂಗತಿಗಳು ನಮ್ಮ ದಿನಚರಿಯಲ್ಲೇ ಇವೆ. ಶಿರಾಡಿ ಘಾಟಿ ಇಳಿದು ಹತ್ತುವ ರಾತ್ರಿ ಬಸ್ಸು, ನಿದ್ದೆಯಿಲ್ಲದೆ ನೇರ ಅಂಗಡಿಗೆ, ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ಅದುವರೆಗೆ ಬರೀ ಚಾ. ರಮಝಾನ್‌ನ ಮೊದಲ ದಿನಗಳ ತಲೆನೋವಿಗೆ ಹಸಿವು, ನೀರಿನ ಕೊರತೆಯ ಜೊತೆಗೆ ದಿಢೀರ್ ನಿಂತ ಚಾ, ಕಾಫಿಯೂ ಕಾರಣ. ಒಂದೆರಡು ವಾರ ಮೊದಲೇ ಲೋಟ ಕಡಿಮೆ ಮಾಡುತ್ತಾ ಬಂದರೆ, ಸಹರಿಗೆ ಎದ್ದು ನೀರು ಕುಡಿದರೆ ಬಹಳ ಹಗುರ.

ಇನ್ನು ಮಾತ್ರೆ. ಮೆಡಿಕಲ್‌ನಿಂದ ಸ್ಟ್ರಿಪ್ ತಂದು ತಿಂಗಳಿಗೆ 15 ದಿನ ನುಂಗುತ್ತಾ ಮೂರು ತಿಂಗಳು ದಾಟಿದರೆ, ಆ ಮಾತ್ರೆಯೇ ತಲೆನೋವು ತರಬಹುದು. ಜ್ವರವೂ ಇದ್ದರೆ ಡೆಂಗಿ ಇರಬಹುದು. ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು. ಬಿಪಿ, ರಕ್ತಹೀನತೆ, ಕನ್ನಡಕದ ನಂಬರನ್ನೂ ನೋಡಿಸಬೇಕು. ಇಂದಿರಾನಗರದ ಸರ್ ಸಿ.ವಿ. ರಾಮನ್ ಜನರಲ್ ಆಸ್ಪತ್ರೆ ಸರಕಾರಿಯದ್ದೇ, ಟಿನ್ ಫ್ಯಾಕ್ಟರಿಗೆ ದೂರವೂ ಅಲ್ಲ.

ನಿಜವಾಗಿಯೂ ಗ್ಯಾಸೇ ಕಾರಣವಾಗುವ ಸಂದರ್ಭವೂ ಒಂದಿದೆ, ನಾವು ಹೆದರಬೇಕಾದದ್ದು ಅದಕ್ಕೆ. ನಾಲ್ಕೈದು ಮಂದಿಯ ರೂಮು, ಡಿಸೆಂಬರ್ ಚಳಿಗೆ ಮುಚ್ಚಿದ ಕಿಟಕಿ, ಒಳಗೆ ಇದ್ದಿಲ ಕೆಂಡ. ಅಥವಾ ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್. ಅಲ್ಲಿ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಲೀಕ್ ಆದರೆ ಮೂಗಿಗೆ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ. ಮೊದಲು ಬರುವುದು ಇದೇ ತಲೆನೋವು, ವಾಕರಿಕೆ, ಸುಸ್ತು. ಮಲಗಿದರೆ ಏಳದೆಯೂ ಹೋಗಬಹುದು. ರೂಮಿನಲ್ಲಿದ್ದವರಿಗೆಲ್ಲ ಒಟ್ಟಿಗೆ ತಲೆನೋವು, ಹೊರಗೆ ಬಂದರೆ ಕಡಿಮೆ ಅಂದರೆ ಅದೇ ಗುರುತು. ಎಲ್ಲರನ್ನೂ ಹೊರಗೆಳೆದು 108ಕ್ಕೆ ಕರೆ ಮಾಡಿ.

ಹಠಾತ್ತನೆ ಸಿಡಿಲಿನಂತೆ ಬಂದ ನೋವು, ಕುತ್ತಿಗೆ ಬಿಗಿತ, ಮಾತು ತೊದಲುವುದು, ಒಂದು ಕೈ ಸೋಲುವುದು, ತಲೆಗೆ ಪೆಟ್ಟಾದ ಮೇಲೆ ವಾಂತಿ, ಗರ್ಭಿಣಿಗೆ ಜೋರು ತಲೆನೋವು: ಇವುಗಳಿಗೆ ಸೋಡಾ ಬೇಡ, ಬೆಳಗಾಗುವವರೆಗೆ ಕಾಯುವುದೂ ಬೇಡ.